ನಾದಿನಿಯನ್ನು ಬಿಟ್ಟುಬರಲು ಹೋದವಳು

ಕನ್ನಡಕದಕ್ಕ ಆ ಮನೆಗೆ ಹೋದದ್ದು ಇರುವುದಕ್ಕಲ್ಲ, ನಾದಿನಿಯನ್ನು ಬಿಟ್ಟುಬರುವುದಕ್ಕೆ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸಿ, ಸಡಿಲವಾದ ಕಡ್ಡಿಗಳನ್ನು ಬಿಗಿ ಮಾಡುತ್ತ ಆಯುಷ್ಯದ ಬಹುಪಾಲು ಕಳೆದಿದ್ದರಿಂದ ಬೀದಿಯವರಿಗೆಲ್ಲ ಅವಳು ಕನ್ನಡಕದಕ್ಕ. ಗಂಡ ತೀರಿಕೊಂಡ ಮೇಲೂ ಕೆಲಸ ಬಿಟ್ಟಿರಲಿಲ್ಲ. ಸಣ್ಣ ತಿರುಪು ಬೆರಳಿನಿಂದ ಜಾರತೊಡಗಿದಾಗ ಯಾರೂ ಹೇಳುವ ಮೊದಲೇ ಬಿಟ್ಟಳು. ಆಮೇಲೆ ಮಗ, ಸೊಸೆಯ ಜೊತೆ ಮನೆಯಲ್ಲೇ ಇದ್ದಳು. ಮಗ ಒಳ್ಳೆಯವನು. ಸೊಸೆ ಅವನಿಗಿಂತ ಒಂದು ಕೈ ಮೇಲು. ಮುಂದೆ ನಡೆದದ್ದು ಯಾರ ತಲೆಗೂ ಹೋಗದಿದ್ದದ್ದು ಇದರಿಂದಲೇ.

ಗಂಡನ ತಂಗಿ ತನ್ನ ಮಗಳೊಡನೆ ಮುನಿಸಿಕೊಂಡು, ವಯಸ್ಸಾದ ಹೆಂಗಸರು ಸೇರಿ ಬಾಡಿಗೆಗೆ ಹಿಡಿದಿದ್ದ ಒಂದು ಹಳೆಯ ಮನೆ ಸೇರಲು ಹೊರಟಳು. ಅಲ್ಲಿ ಒಬ್ಬೊಬ್ಬರಿಗೆ ಒಂದು ಕೋಣೆ, ಅಡುಗೆಮನೆ ಎಲ್ಲರದು, ಕೆಲಸ ಸರದಿಯ ಮೇಲೆ.

"ಒಂದು ವಾರ ಜೊತೆಗಿರಿ ಅತ್ತಿಗೆ, ನಂಗೆ ಅಭ್ಯಾಸ ಆಗೋವರೆಗೆ," ಎಂದಳು ನಾದಿನಿ.

ಮೊದಲ ದಿನ ಬೆಳಿಗ್ಗೆ ಕನ್ನಡಕದಕ್ಕ ಎಂದಿನಂತೆ ಎದ್ದವಳೇ ಅಡುಗೆಮನೆಗೆ ಹೋಗಿ ಹಾಲು ಒಲೆಗಿಟ್ಟಳು. ನಿವೃತ್ತ ಬಸ್ ಕಂಡಕ್ಟರ್ ಹೆಂಗಸೊಬ್ಬಳು ಆಕಳಿಸುತ್ತ ಬಂದು ಒಲೆ ಆರಿಸಿದಳು.

"ಇವತ್ತು ನನ್ನ ಸರದಿ. ನೀವು ಹೋಗಿ ಮಲಗಿ."

"ಎದ್ದಾಯ್ತಲ್ಲ."

"ಹಂಗಾದ್ರೆ ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಳು. ಫೋಟೋ ತೆಗೆಸಿಕೊಳ್ಳಲು ಕೂತವಳಂತೆ ಕಾಣುತ್ತಿದ್ದೇನೆ ಅನ್ನಿಸಿ ಮತ್ತೆ ತೆಗೆದಳು.

ಸಂಜೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಹಜಾರದಲ್ಲಿ ಮೂವರಿದ್ದರು. ಎಲ್ಲಿಗೆ ಎಂದು ಒಬ್ಬರೂ ಕೇಳಲಿಲ್ಲ. ಮನೆಯಲ್ಲಾದರೆ ಸೊಸೆ, "ಎಲ್ಲಿಗೆ ಅತ್ತೆ? ಫೋನ್ ಇದೆಯಾ? ನಾನೂ ಬರ್ಲಾ?" ಎನ್ನುತ್ತಿದ್ದಳು. ಕನ್ನಡಕದಕ್ಕನ ಮುಖ ಸಣ್ಣದಾಯಿತು. ಹೊರಗೆ ಹೋಗಿ ಬೀದಿಯ ತುದಿಯಲ್ಲಿ ನಿಂತಾಗ, ಎಲ್ಲಿಗೆಂದು ತನಗೂ ಗೊತ್ತಿಲ್ಲವೆಂದು ತಿಳಿಯಿತು. ಎಡಕ್ಕೆ ಹೋದಳು. ಸೈಕಲ್ ರಿಪೇರಿ ಅಂಗಡಿ, ಬಟ್ಟೆ ಇಸ್ತ್ರಿ ಮಾಡುವವನ ಗೂಡು, ಆಮೇಲೆ ಒಂದು ಖಾಲಿ ಬೆಂಚು. ಕತ್ತಲಾಗುವ ಹೊತ್ತಿಗೆ ಹಿಂದಿರುಗಿದರೆ ಆಗಲೂ ಯಾರೂ ಕೇಳಲಿಲ್ಲ. ಅವಮಾನವಾಯಿತೋ ಹಗುರವಾಯಿತೋ ಅವಳಿಗೆ ಹೇಳಲಾಗಲಿಲ್ಲ. ಮರುದಿನ ಬಲಕ್ಕೆ ಹೋಗಿಬಂದಳು.

ವಾರ ತುಂಬುವ ಮೊದಲೇ ನಾದಿನಿ ಗಂಟುಮೂಟೆ ಕಟ್ಟಿದಳು.

"ಇದೆಂಥ ಮನೆ ಅತ್ತಿಗೆ! ಏನಂದ್ರೂ 'ನಿಮ್ಮಿಷ್ಟ' ಅಂತಾರೆ. ಬೈಯೋಕೆ ಒಬ್ರೂ ಸಿಗಲ್ಲ. ನಮ್ಮ ಹುಡುಗಿನೇ ವಾಸಿ. ನಡೀರಿ, ಹೋಗೋಣ."

"ನೀನು ಹೋಗಿರು, ನಾನು ನಾಳೆ ಬರ್ತೀನಿ," ಅಂದಳು ಕನ್ನಡಕದಕ್ಕ. ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳೇ ಬೆಚ್ಚಿಬಿದ್ದಳು. ನಾಳೆಯೂ ಹೋಗಲಿಲ್ಲ, ಅದರ ಮಾರನೆಯ ದಿನವೂ ಹೋಗಲಿಲ್ಲ.

ಮಗ ಓಡಿಬಂದ. ಕೋಣೆಯ ಬಾಗಿಲು ಹಾಕಿ ಪಿಸುಗುಟ್ಟಿದ. "ಅಮ್ಮ, ಅವಳೇನಾದ್ರೂ ಅಂದ್ಲಾ?"

"ಅಯ್ಯೋ, ಇಲ್ಲಪ್ಪ."

"ಮತ್ತೆ ನಾನೇನಾದ್ರೂ ಅಂದ್ನಾ?"

"ಇಲ್ವೋ."

"ಹಂಗಾದ್ರೆ ಯಾಕೆ?"

ಅವಳು ನಿಜವಾಗಿಯೂ ಯೋಚಿಸಿದಳು. ಒಂದು ಜಗಳವಾದರೂ ಆಗಿದ್ದರೆ ಹೇಳಬಹುದಿತ್ತು. ಹುಡುಕಿದರೂ ಸಿಗಲಿಲ್ಲ. "ಗೊತ್ತಿಲ್ಲ ಕಣೋ," ಎಂದಳು. ಮಗನ ಮುಖ ನೋಡಲಾಗದೆ ಚೀಲ ಹಿಡಿದು ಅವನ ಹಿಂದೆಯೇ ಹೊರಟುಬಿಟ್ಟಳು.

ಮನೆಯಲ್ಲಿ ಎಲ್ಲ ಮೊದಲಿನಂತೆಯೇ ಇತ್ತು. ಅದಕ್ಕಿಂತ ಚೆನ್ನಾಗಿತ್ತು. ಸೊಸೆ ಹಾಸಿಗೆಗೆ ಹೊಸ ಹೊದಿಕೆ ಹಾಸಿದ್ದಳು. "ಸಾರಿಗೆ ಉಪ್ಪು ಸಾಕಾ ಅತ್ತೆ? ಫ್ಯಾನು ಜೋರಾಯ್ತಾ?" ಎಂದು ಮೆಲ್ಲಗೆ ಕೇಳುತ್ತಿದ್ದಳು. ಗಾಜಿನ ಸಾಮಾನು ಎತ್ತಿಡುವ ಹಾಗೆ ತನ್ನನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ಅವಳಿಗೆ ಸಂಕಟ. ಅದನ್ನು ತಪ್ಪೆನ್ನುವುದು ಹೇಗೆ? ಸಂಜೆ ಚಪ್ಪಲಿ ಮೆಟ್ಟಿದಾಗ ಮಗ, ಸೊಸೆ ಇಬ್ಬರೂ ಒಟ್ಟಿಗೆ ಎದ್ದು ನಿಂತರು. ಅವಳು ಚಪ್ಪಲಿ ಬಿಚ್ಚಿ ಒಳಗೆ ಬಂದಳು.

ಮಾರನೆಯ ವಾರ ಒಬ್ಬಳೇ ಬಸ್ಸು ಹತ್ತಿ ಆ ಮನೆಗೆ ಹೋದಳು. ನಾದಿನಿಯ ಕೋಣೆ ಇನ್ನೂ ಖಾಲಿ ಇತ್ತು. ಎಲ್ಲರೂ ಹಜಾರದಲ್ಲಿ ಕೂತರು. ಅವರಲ್ಲೊಬ್ಬರು, ಶಾಲೆಯಿಂದ ನಿವೃತ್ತರಾದ ಹೆಡ್ ಮೇಡಂ, ಗಂಟಲು ಸರಿಮಾಡಿಕೊಂಡು ಕೇಳಿದರು:

"ಇಲ್ಲಿ ಯಾಕೆ ಇರಬೇಕು ಅಂತ ಇದೀರಿ?"

"ಗೊತ್ತಿಲ್ಲ ಮೇಡಂ."

"ಮನೇಲಿ ತೊಂದರೆನಾ?"

"ಇಲ್ಲ."

"ಹಾಗಿದ್ರೆ ಇನ್ನೊಬ್ಬರಿಗೆ ಕೊಡಬಹುದಲ್ಲ, ತೊಂದರೆ ಇರೋರಿಗೆ?"

ಆ ಮಾತು ನ್ಯಾಯವಾಗಿತ್ತು. ಕನ್ನಡಕದಕ್ಕ ಪೆಚ್ಚಾಗಿ ಎದ್ದಳು. ಆಗ ಕಂಡಕ್ಟರಮ್ಮ ಬಸ್ಸಿನಲ್ಲಿ ಕೂಗುವ ಗಂಟಲಲ್ಲಿ, "ಕೂತ್ಕೊಳ್ಳಿ ಅಕ್ಕ, ಸೀಟಿದೆ," ಎಂದಳು. ಎಲ್ಲರೂ ನಕ್ಕರು; ಮೇಡಂ ನಗಲಿಲ್ಲ. ಬಹಳ ಹೊತ್ತು ಚರ್ಚೆಯಾಯಿತು. ಕಡೆಗೆ, ಕಷ್ಟದಲ್ಲಿರುವವರು ಯಾರಾದರೂ ಬಂದರೆ ಬಿಟ್ಟುಕೊಡಬೇಕು ಎಂಬ ಮಾತಿನ ಮೇಲೆ ಕೋಣೆ ಕೊಟ್ಟರು.

ನಾದಿನಿ ಫೋನಿನಲ್ಲಿ, "ನನ್ನ ಕೋಣೆ ಹೊಡ್ಕೊಂಡ್ರಿ!" ಎಂದು ರೇಗಿ ಮಾತು ಬಿಟ್ಟಳು. ಮಗ ನೆಂಟರಿಗೆಲ್ಲ, ಅಮ್ಮ ಗಾಳಿ ಬದಲಾವಣೆಗೆ ಹೋಗಿದ್ದಾಳೆ ಎಂದು ಹೇಳಿಕೊಂಡ. ಅತ್ತವಳು ಸೊಸೆ. "ಜನ ನನ್ನನ್ನೇ ತಾನೆ ಅನ್ನೋದು ಅತ್ತೆ?" ಎಂದಳು.

ಒಂದು ಭಾನುವಾರ ಆ ಸೊಸೆಯೇ ಬಂದಳು. ಗಂಟುಮುಖ ಹಾಕಿಕೊಂಡು ಕೋಣೆಯನ್ನೆಲ್ಲ ನೋಡಿದಳು: ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಮೊಳೆ. "ಇಷ್ಟೇನಾ?" ಎಂದಳು. "ಇಷ್ಟೇ," ಎಂದಳು ಅತ್ತೆ. ಕಾಫಿ ತರಲು ಹೋಗಿ ಬರುವಷ್ಟರಲ್ಲಿ ಹುಡುಗಿ ಮಂಚದ ಮೇಲೆ ಅಡ್ಡವಾಗಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅವಳು ಹಗಲಲ್ಲಿ ಮಲಗಿದ್ದನ್ನು ಮದುವೆಯಾದಾಗಿನಿಂದ ಅತ್ತೆ ಕಂಡಿರಲಿಲ್ಲ.

ಸೊಸೆಯ ಫೋನು ಗುರುಗುಟ್ಟಿತು. ಮಗನ ಕರೆ. ಎಬ್ಬಿಸಬೇಕೋ, ಬಿಡಬೇಕೋ? ಕನ್ನಡಕದಕ್ಕ ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಫೋನು ಹಿಡಿದು ಬಾಗಿಲ ನಡುವೆ ನಿಂತೇ ಇದ್ದಳು. ಗುರುಗುಟ್ಟುವುದು ತಾನಾಗಿ ನಿಂತಿತು. ಕುರ್ಚಿಗೆ ಕೂತು ಕಾಫಿಯನ್ನು ತಾನೇ ಕುಡಿದಳು.