ಸಾಕು ಅನ್ನೋಗಂಟ

ಪಾಲಹಳ್ಳಿಯ ನಮ್ಮ ಹೊಸ ಮನೆಗೆ ಬಾಗಿಲು ಮಾಡಿದ ಆಚಾರ್ರಿಗೆ ವೈರಲ್ ಜ್ವರ ಬಿಟ್ಟು ತಿಂಗಳಾಗಿತ್ತು. ಆದರೂ ಹಾಡಹಗಲೇ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಕೈಯಲ್ಲಿ ಉಳಿ ಹಿಡಿದೇ ತೂಕಡಿಸುತ್ತಿದ್ದರು. ಎಬ್ಬಿಸಿದರೆ ಒಂದೇ ಮಾತು: "ಜ್ವರ ಒಂಟೋಯ್ತು, ನಿದ್ದೆಯ ಇಲ್ಲೇ ಬುಟ್ಟೋಯ್ತು."

ಬಾಗಿಲು ನಿಲ್ಲಿಸುವ ಮುಹೂರ್ತದಲ್ಲಿ ನಾವು ನಾಲ್ವರು ಚೌಕಟ್ಟು ಹಿಡಿದೆವು. ಆಚಾರ್ರು ಕಂಬಕ್ಕೊರಗಿ, "ಎಡಕ್ಕೆ ಒಸಿ ತಳ್ಳಿ, ಸಾಕು ಅನ್ನೋಗಂಟ" ಎಂದರು. ತಳ್ಳಿದೆವು. ಸಾಕು ಎನ್ನಲಿಲ್ಲ. ಇನ್ನೂ ತಳ್ಳಿದೆವು. ಅಪ್ಪ ತಿರುಗಿ ನೋಡಿದರೆ ಆಚಾರ್ರು ನಿಂತಲ್ಲೇ ಗೊರಕೆ ಹೊಡೆಯುತ್ತಿದ್ದರು. ಮುಹೂರ್ತ ಮೀರುತ್ತಿತ್ತು, ನಗು ತಡೆಯಲಾಗದೆ ಅಲ್ಲೇ ಪೂಜೆ ಮುಗಿಸಿದೆವು. ಪೂಜೆಯಾದ ಬಾಗಿಲನ್ನು ಕದಲಿಸುವಂತಿಲ್ಲ.

ಗೃಹಪ್ರವೇಶಕ್ಕೆ ಅವರು ಚೇತರಿಸಿಕೊಂಡು ಬಂದರು. ಒಂದು ಗೇಣು ಎಡಕ್ಕೆ ಸರಿದಿದ್ದ ಬಾಗಿಲನ್ನು ಮೇಲಿಂದ ಕೆಳಗೆ ನೋಡಿ ಅಪ್ಪನನ್ನು ಕೇಳಿದರು: "ಯಾವ ಆಚಾರಿ ಗೌಡ್ರೇ, ಈ ಬಾಗ್ಲು ನಿಲ್ಸಿದ್ದು?"