ಬಸ್ಸಿನಲ್ಲಿ ಬಂದ ಕಲ್ಲುಮೀನು

ಆ ಮೀನು ನಮ್ಮ ಹಳ್ಳದ್ದಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಎರಡು ತಿಂಗಳು ಈ ಒಂದು ಮಾತನ್ನು ಗಂಟಲಲ್ಲಿಟ್ಟುಕೊಂಡು ಓಡಾಡಿದವನು ನಾನು. ಈಗಲೂ ಸುತ್ತಿಬಳಸಿ ಹೇಳಿದರೆ ಬರೆಯಲು ಕೂತದ್ದೇ ದಂಡ.

ನಾನು ದೊಡ್ಡಬಳ್ಳಾಪುರದವನು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಮಗ್ಗಕ್ಕೆ ಸೇರಿದೆ. ಮಂಡಿ ಕೈಕೊಡುವವರೆಗೂ ಪವರ್‌ಲೂಮೇ ನನ್ನ ಜೀವನ. ಅದು ಬಿಟ್ಟರೆ ಗೊತ್ತಿದ್ದ ಇನ್ನೊಂದು ವಿದ್ಯೆ ಮೀನು ಹಿಡಿಯುವುದು. ನಮ್ಮ ಬೀದಿಯಲ್ಲಿ ಕರೆಂಟ್ ಹೋದರೆ ಎಲ್ಲ ಮಗ್ಗಗಳೂ ಒಟ್ಟಿಗೆ ನಿಲ್ಲುತ್ತಿದ್ದವು. ಅಷ್ಟು ದೊಡ್ಡ ಸದ್ದು ಒಮ್ಮೆಲೇ ನಿಂತಾಗ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಹೆಂಗಸರು ಜಗಲಿಗೆ ಬಂದು ಮಾತಿಗೆ ಕೂರುವಷ್ಟರಲ್ಲಿ ನಾವು ನಾಲ್ಕಾರು ಜನ ಗಾಳ ಹಿಡಿದು ಕೆರೆಯ ಕಡೆ ಸೈಕಲ್ ತುಳಿಯುತ್ತಿದ್ದೆವು. ಕೆರೆ ಕೆಳಗಿನ ತೋಟದಲ್ಲಿ ಪಂಪು ಸದ್ದು ಮಾಡಿತೆಂದರೆ ಕರೆಂಟ್ ಬಂತೆಂದು ಅರ್ಥ. ಗಾಳಕ್ಕೆ ಮೀನು ಕಚ್ಚಿದ್ದರೂ ಬಿಟ್ಟು ಓಡಬೇಕು. ಮನೆಯಲ್ಲಿ ಅಮ್ಮ ಮೀನಿಗೆಂದೇ ಬೇರೆ ಮಡಕೆ ಇಟ್ಟಿದ್ದಳು. ಅದು ಹಿತ್ತಲು ದಾಟಿ ಒಳಗೆ ಬರುವಂತಿರಲಿಲ್ಲ.

ಹಾಗಾಗಿ ಕೆರೆಯ ಮೀನುಗಳೆಲ್ಲ ನನಗೆ ಪರಿಚಯ. ಪಕ್ಕೆ, ಗಿರಲು, ಕೊರವ, ಹಾವುಮೀನು, ಆಮೇಲೆ ಎಲ್ಲಿಂದಲೋ ಬಂದು ಕೆರೆಯನ್ನೇ ತುಂಬಿಕೊಂಡ ಜಿಲೇಬಿ. ಇವೆಲ್ಲಕ್ಕಿಂತ ನನಗೆ ಪ್ರೀತಿಯದ್ದು ಕೆರೆಯಲ್ಲಿ ಇರುತ್ತಿರಲಿಲ್ಲ. ಬೆಟ್ಟದ ಕಡೆಯಿಂದ ಇಳಿದು ಕೆರೆಗೆ ಸೇರುವ ಹಳ್ಳದಲ್ಲಿ, ನೀರು ಓಡುವ ಜಾಗದಲ್ಲಿ, ಬಂಡೆಗೆ ಬಾಯಿ ಕಚ್ಚಿಕೊಂಡು ಇರುತ್ತಿತ್ತು. ಕಲ್ಲುಮೀನು ಅನ್ನುತ್ತಿದ್ದೆವು. ಬೆರಳುದ್ದ, ಪಾಚಿ ಬಣ್ಣ. ತಿನ್ನಲು ಅದರಲ್ಲಿ ಏನೂ ಇಲ್ಲ. ನೀರಿನಲ್ಲಿ ಅಂಗೈ ಅಗಲಿಸಿ ಅಲ್ಲಾಡದೆ ಕೂತರೆ ಕೈಯನ್ನೇ ಕಲ್ಲು ಅಂದುಕೊಂಡು ಬಂದು ಅಂಟಿಕೊಳ್ಳುತ್ತಿತ್ತು. ಯಾರ ಕೈಗೆ ಎಷ್ಟು ಅಂಟಿದವು ಎಂದು ನಮ್ಮಲ್ಲಿ ಪಂದ್ಯ ನಡೆಯುತ್ತಿತ್ತು. ನನಗೆ ಮೀಸೆ ಬರುವಷ್ಟರಲ್ಲಿ ಹಳ್ಳ ಬೇಸಿಗೆಯಲ್ಲಿ ಒಣಗಲು ಶುರುವಾಯಿತು. ಆಮೇಲೆ ಮಳೆಗಾಲದಲ್ಲೂ ಒಣಗಿತು. ಮೀನು ಯಾವಾಗ ಹೋಯಿತೆಂದು ಯಾರೂ ನೋಡಲಿಲ್ಲ.

ಈಚೆಗೆ ಒಂದು ವರ್ಷ ಮಳೆ ಬಿಡದೆ ಸುರಿದು, ಎಷ್ಟೋ ಕಾಲದ ಮೇಲೆ ಕೆರೆ ಕೋಡಿ ಬಿತ್ತು. ಊರಿನವರೆಲ್ಲ ಮೊಬೈಲ್ ಹಿಡಿದು ನೀರು ನೋಡಲು ಬಂದರು. ಮುಂದಿನ ವರ್ಷ ಬೆಂಗಳೂರಿನ ಕಾಲೇಜೊಂದರಿಂದ ಒಬ್ಬ ಹೆಣ್ಣುಮಗಳು ಬಂದಳು. ಅರ್ಕಾವತಿಯ ಕೆರೆ, ಹಳ್ಳಗಳಲ್ಲಿ ಈಗ ಯಾವ ಯಾವ ಮೀನು ಉಳಿದಿವೆ ಎಂದು ಪಟ್ಟಿ ಮಾಡುವುದು ಅವಳ ಕೆಲಸ. ಅದರಿಂದಲೇ ಅವಳಿಗೆ ಡಾಕ್ಟರೇಟು. ಬಲೆ ಹಾಕಲು ನನ್ನ ಗೆಳೆಯನನ್ನು ಗೊತ್ತು ಮಾಡಿಕೊಂಡಿದ್ದಳು. ಅವನ ಅಪ್ಪ, ತಾತ ಎಲ್ಲ ಇದೇ ಕೆರೆಯಲ್ಲಿ ಬಲೆ ಬೀಸಿದವರು. ಅವನೂ ನಾನೂ ಒಂದೇ ಬೆಂಚಿನವರು. ಅವನು ನನ್ನನ್ನು ಅವಳಿಗೆ ಪರಿಚಯಿಸಿದ್ದು ಹೀಗೆ:

"ಮೇಡಮ್ಮೋರೆ, ಇವ್ನು ನೇಯೋನು. ಮೀನು ಹಿಡಿಯಾದಕ್ಕಿಂತ ಮೀನಿನ ಕತೆ ನೇಯಾದ್ರಲ್ಲಿ ಜೋರು."

ವಾರಕ್ಕೊಂದು ದಿನ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ಸಿಕ್ಕ ಮೀನನ್ನು ನೀರು ತುಂಬಿದ ಪುಟ್ಟ ಗಾಜಿನ ಪೆಟ್ಟಿಗೆಗೆ ಬಿಟ್ಟು ಫೋಟೋ ತೆಗೆಯುವಳು, ಉದ್ದ ಅಳೆಯುವಳು, ರೆಕ್ಕೆಯ ಗೀರುಗಳನ್ನು ಎಣಿಸುವಳು. ನಮ್ಮ ಕಡೆ ಅದಕ್ಕೆ ಏನನ್ನುತ್ತಾರೆಂದು ಕೇಳಿ ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡು, ಮತ್ತೆ ನೀರಿಗೆ ಬಿಡುವಳು. ಮೀನು ಹಿಡಿದು ವಾಪಸು ಬಿಡುವುದನ್ನು ನೋಡಿ ಗೆಳೆಯನಿಗೆ ಹೊಟ್ಟೆ ಉರಿಯುತ್ತಿತ್ತು.

ನಾನು ಮೊದಲ ದಿನವೇ ಕಲ್ಲುಮೀನಿನ ಕತೆ ಹೇಳಿದ್ದೆ. ಅವಳ ಕಣ್ಣು ಅರಳಿತು. "ಈ ಕಡೆ ಅದು ಇತ್ತು ಅಂತ ಯಾರೂ ಬರೆದೇ ಇಲ್ಲ ತಾತ. ಈಗ್ಲೂ ಇದ್ಯಾ?"

"ಇರುತ್ತಮ್ಮ, ಎಲ್ಲಿಗೆ ಹೋಗುತ್ತೆ?" ಎಂದುಬಿಟ್ಟೆ. ನೀರು ಬಂದಿತ್ತಲ್ಲ, ಮೀನೂ ಬಂದಿರಬೇಕು ಎಂದು ನಿಜವಾಗಿಯೂ ನಂಬಿದ್ದೆ.

ಐದು ವಾರ ಹಳ್ಳ ಜಾಲಾಡಿದೆವು. ಪಕ್ಕೆ ಸಿಕ್ಕಿತು, ಜಿಲೇಬಿ ಬೇಡ ಅಂದರೂ ಸಿಕ್ಕಿತು. ಕಲ್ಲುಮೀನು ಇಲ್ಲ. ಆರನೆಯ ವಾರ ಅವಳು, "ಇರ್ಲಿ ಬಿಡಿ ತಾತ, ನೀವು ಚಿಕ್ಕವರಿದ್ದಾಗ ಬೇರೆ ಯಾವ್ದೋ ಮೀನು ನೋಡಿರ್ಬಹುದು" ಎಂದಳು. ಮೆತ್ತಗೆ, ನನಗೆ ನೋವಾಗಬಾರದೆಂದೇ ಹೇಳಿದಳು. ಅದೇ ನನಗೆ ತಡೆಯಲಾಗಲಿಲ್ಲ. ಬಯ್ದಿದ್ದರೆ ಸಹಿಸುತ್ತಿದ್ದೆ.

ಇಲ್ಲಿ ನಮ್ಮ ಕಸುಬಿನ ಒಂದು ರೂಢಿ ಹೇಳಬೇಕು. ಹೊಸ ಅಂಚಿನ ಸೀರೆಗೆ ಆರ್ಡರ್ ಹಿಡಿಯಬೇಕಾದರೆ, ಆ ಅಂಚು ನಮ್ಮ ಮಗ್ಗಕ್ಕೆ ಇನ್ನೂ ಏರಿರದಿದ್ದರೂ, ಪಕ್ಕದ ಮನೆಯವರು ನೇಯ್ದದ್ದನ್ನು ಮಡಿಸಿಕೊಂಡು ಹೋಗಿ ಅಂಗಡಿಯವರ ಮುಂದೆ ಬಿಡಿಸುತ್ತಿದ್ದೆವು. "ನಮ್ದೇ ಸ್ವಾಮಿ" ಅನ್ನುತ್ತಿದ್ದೆವು. ಒಪ್ಪಿಗೆಯಾದ ಮೇಲೆ ಮಗ್ಗ ಸಜ್ಜು ಮಾಡಿ ಅದೇ ಅಂಚು ನೇಯ್ದು ಕೊಡುತ್ತಿದ್ದೆವು. ಬೀದಿಯಲ್ಲಿ ಎಲ್ಲರೂ ಮಾಡಿದ್ದೇ. ಯಾರೂ ಅದನ್ನು ಸುಳ್ಳು ಅಂದವರಿಲ್ಲ. ನಾನೂ ನನಗೆ ಹಾಗೇ ಸಮಾಧಾನ ಹೇಳಿಕೊಂಡೆ: ಕಲ್ಲುಮೀನು ನಮ್ಮ ಹಳ್ಳದಲ್ಲಿ ಇದ್ದದ್ದು ನಿಜ, ಈಗ ಬೇರೆ ಕಡೆಯದು ಒಂದು ತೋರಿಸಿದರೆ ತಪ್ಪೇನು? ಸೀರೆಯನ್ನು ಆಮೇಲೆ ನೇಯ್ದು ಕೊಡಬಹುದು, ಮೀನನ್ನು ಹಾಗೆ ಮಾಡಲು ಬರುವುದಿಲ್ಲ ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಅಥವಾ ಹೊಳೆದಿತ್ತು, ನಾನು ಅದನ್ನು ಪಕ್ಕಕ್ಕೆ ತಳ್ಳಿದೆ.

ನನ್ನ ತಂಗಿಯನ್ನು ಕೊಟ್ಟದ್ದು ಕನಕಪುರದ ಆಚೆ, ಕಾಡಂಚಿನ ಹಳ್ಳಿಗೆ. ಅವರ ಹೊಲದ ಪಕ್ಕದ ಹಳ್ಳದಲ್ಲಿ ಈ ಮೀನು ಬೇಕಾದಷ್ಟಿದೆ. ತಂಗಿಯನ್ನು ನೋಡುವ ನೆಪದಲ್ಲಿ ಹೋಗಿ, ಪಂಚೆ ಹಾಸಿ ಮೂರು ಹಿಡಿದೆ. ಹಾಲಿನ ಕ್ಯಾನಿಗೆ ಬಿಟ್ಟೆ. ದಾರಿಯಲ್ಲಿ ಬದಲಾಯಿಸಲು ಅದೇ ಹಳ್ಳದ ನೀರು ಇನ್ನೊಂದು ಕ್ಯಾನಿನಲ್ಲಿ.

"ಅಣ್ಣಯ್ಯ, ನಿಂಗೇನಾದ್ರೂ ತಲೆ ಕೆಟ್ಟಿದ್ಯಾ?" ಎಂದಳು ತಂಗಿ. "ಬದ್ನೆಕಾಯಿ ಕೊಟ್ರೆ ಭಾರ ಅಂತೀಯ, ನೀರು ಹೊತ್ಕೊಂಡ್ ಹೋಗ್ತೀಯ."

ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ: "ಏನ್ ತಾತ ಕ್ಯಾನಲ್ಲಿ?"

"ತೀರ್ಥ ಕಣಪ್ಪ."

ಅವನು ಭಕ್ತಿಯಿಂದ ಕಾಲು ಸರಿಸಿಕೊಂಡ. ಮೆಜೆಸ್ಟಿಕ್ಕಿನಲ್ಲಿ ಮುಚ್ಚಳ ತೆಗೆದು ನೋಡಿದರೆ ಎರಡು ಮೀನು ಹೊಟ್ಟೆ ಮೇಲೆ ಮಾಡಿದ್ದವು. ಉಳಿದ ಒಂದಕ್ಕೆ ಗಾಳಿ ಸಿಗಲೆಂದು ದೊಡ್ಡಬಳ್ಳಾಪುರದವರೆಗೂ ಲೋಟದಲ್ಲಿ ನೀರು ಎತ್ತಿ ಎತ್ತಿ ಹುಯ್ಯುತ್ತಾ ಬಂದೆ.

ಮಾರನೆಯ ಬೆಳಗ್ಗೆ ಗೆಳೆಯ, ಕಾಲೇಜಿನ ಹುಡುಗಿ ಇಬ್ಬರೂ ನಮ್ಮ ಹಳ್ಳದ ಮೇಲಿನ ಗುಂಡಿಯಲ್ಲಿ ಬಲೆ ಎಳೆಯುತ್ತಿದ್ದಾಗ, ನಾನು ಕೆಳಗಿನ ಗುಂಡಿಯಲ್ಲಿ ಬಗ್ಗಿ, ಕ್ಯಾನಿನ ಮೀನನ್ನು ನನ್ನ ಕೈಬಲೆಗೆ ಹಾಕಿಕೊಂಡು ಎತ್ತಿದೆ. "ಸಿಕ್ತು" ಎಂದು ಕೂಗಿದೆ.

ಗೆಳೆಯ ಬಂದು ನೋಡಿ ಬಾಯಿ ಬಿಟ್ಟ. "ಲೇ, ಐವತ್ತು ವರ್ಷದಿಂದ ಕಾಣ್ದಿದ್ದು ಇವತ್ತೆಲ್ಲಿಂದ ಬಂತ್ಲಾ? ಬಸ್ ಹತ್ಕೊಂಡ್ ಬಂತಾ?"

ಅವನು ತಮಾಷೆಗೆ ಅಂದದ್ದು. ಅವಳು ಆಗಲೇ ಪ್ಯಾಂಟು ನೆನೆಯುವುದನ್ನೂ ಲೆಕ್ಕಿಸದೆ ನೀರಿನಲ್ಲೇ ಕೂತಿದ್ದಳು. ಗಾಜಿನ ಪೆಟ್ಟಿಗೆಯನ್ನು ಮೇಲೆತ್ತಿ ಕೆಳಗಿನಿಂದ ಮೀನಿನ ಬಾಯಿ ನೋಡಿದಳು. "ತಾತ, ಇದು ಬದುಕಬೇಕಾದ್ರೆ ನೀರು ವರ್ಷವೆಲ್ಲ ಹರೀತಿರಬೇಕು. ಅಂದ್ರೆ ಮೇಲೆಲ್ಲೋ ಒಂದು ಒರತೆ ಇನ್ನೂ ಜೀವಂತವಾಗಿದೆ" ಎಂದಳು. ಆ ಒಂದು ಮೀನನ್ನು ವಾಪಸು ಬಿಡಲಿಲ್ಲ. ಔಷಧಿ ತುಂಬಿದ ಬಾಟಲಿಗೆ ಹಾಕಿ, ನಮ್ಮ ಹಳ್ಳದ ಹೆಸರು, ತಾರೀಖು ಬರೆದ ಚೀಟಿಯನ್ನೂ ಒಳಗೆ ಇಳಿಬಿಟ್ಟಳು.

"ಇದು ಎಷ್ಟು ದಿನ ಇರುತ್ತಮ್ಮ?" ಎಂದೆ.

"ನೂರು ವರ್ಷ ಬೇಕಾದ್ರೂ ಇರುತ್ತೆ ತಾತ."

ನಾನು ಆಡಿದ ಸುಳ್ಳುಗಳೆಲ್ಲ ಒಂದೆರಡು ದಿನದಲ್ಲಿ ಕರಗಿ ಹೋಗುವಂಥವು. ನೂರು ವರ್ಷ ಬಾಳುವ ಸುಳ್ಳು ಇದೇ ಮೊದಲು.

ಆಮೇಲೆ ಶುರುವಾಯಿತು ನನ್ನ ಶಿಕ್ಷೆ. ಎರಡನೆಯ ಮೀನಿಗಾಗಿ, ಆ ಒರತೆಗಾಗಿ ಅವಳು ವಾರಕ್ಕೆರಡು ದಿನ ಬರತೊಡಗಿದಳು. ಬೇಸಿಗೆ ಹತ್ತಿರವಾಗಿತ್ತು, ಹೊಸಕೋಟೆ ರಸ್ತೆಯ ಕಡೆಯಿಂದ ಬಂದವರು ಅಲ್ಲಿನ ಕೆರೆಗಳೆಲ್ಲ ಇಳಿಯುತ್ತಿವೆ ಅನ್ನುತ್ತಿದ್ದರು. ನಮ್ಮ ಕಡೆಯೂ ಅವಳು ಇನ್ನೂ ಕಾಲಿಡದ ಕೆರೆಗಳು ಎಷ್ಟೋ ಇದ್ದವು. ಅವು ಬತ್ತುವುದರೊಳಗೆ ನೋಡಬೇಕು. ಅದನ್ನೆಲ್ಲ ಬಿಟ್ಟು ಇಲ್ಲದ ಮೀನನ್ನು ಹುಡುಕುತ್ತಾ ಬಂಡೆ ಬಂಡೆಯ ಕೆಳಗೆ ಕೈ ಹಾಕುತ್ತಿದ್ದಳು. ನಾನು ಪಕ್ಕದಲ್ಲಿ ಬಟ್ಟಲು ಹಿಡಿದು ನಿಂತಿರುತ್ತಿದ್ದೆ. ಬಾಯಿ ತೆರೆದರೆ "ನೀರು ತಣ್ಣಗಿದೆಯಮ್ಮ" ಅನ್ನುವುದು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಹೆಂಡತಿ ಮಂಡಿಗೆ ಎಣ್ಣೆ ಹಚ್ಚುತ್ತಾ, "ನೋವು ಮಂಡೀಲೋ, ಇನ್ನೆಲ್ಲೋ?" ಎಂದು ಒಮ್ಮೆ ಕೇಳಿದಳು.

ಒಂದು ಬೆಳಗ್ಗೆ ಕೆಳಗಿನ ಗುಂಡಿಯಲ್ಲಿ, ನಾನು ಮೀನು "ಹಿಡಿದ" ಜಾಗದಲ್ಲೇ, ಆ ಹುಡುಗಿಯ ಕಾಲಿಗೆ ಒಡೆದ ಬಾಟಲಿಯ ಚೂರು ಹೊಕ್ಕಿತು. ಯಾರೋ ಕುಡಿದು ಎಸೆದದ್ದು. ನೀರು ಕೆಂಪಾಯಿತು. ನಾನು, ಗೆಳೆಯ ಸೇರಿ ದಡಕ್ಕೆ ಕೂರಿಸಿದೆವು. ಗೆಳೆಯ ಸ್ಕೂಟರ್ ತರಲು ಕೆರೆ ಏರಿಯ ಕಡೆ ಓಡಿದ. ನಾನು ಹೆಗಲ ಮೇಲಿನ ಟವೆಲ್ ಹರಿದು ಪಾದಕ್ಕೆ ಸುತ್ತಿದೆ. ಅವಳು ಹಲ್ಲು ಕಚ್ಚಿಕೊಂಡೇ ಅಂದಳು: "ಪರ್ವಾಗಿಲ್ಲ ತಾತ. ಗಾಯ ವಾಸಿಯಾದ್ಮೇಲೆ ಇನ್ನೊಂದ್ಸಲ ನೋಡೋಣ. ಇಲ್ಲೇ ಇದೆ ಅದು."

"ಇಲ್ಲಮ್ಮ" ಎಂದೆ. "ಇಲ್ಲಿಲ್ಲ. ಅದನ್ನ ನಾನೇ ತಂದಿದ್ದು. ಕನಕಪುರದ ಆಚೆಯಿಂದ, ಹಾಲಿನ ಕ್ಯಾನಲ್ಲಿ."

ಅವಳು ಗಂಟು ಬಿಗಿಯುತ್ತಿದ್ದ ನನ್ನ ಕೈಯಿಂದ ಕಾಲನ್ನು ಎಳೆದುಕೊಂಡು ಉಳಿದ ಗಂಟನ್ನು ತಾನೇ ಹಾಕಿಕೊಂಡಳು. ಬಯ್ಯುತ್ತಾಳೆಂದು ಕಾದೆ.

"ನಿಮ್ಮನ್ನ ನಂಬಿ ಬರೆದಿದ್ದೆ ತಾತ" ಎಂದಳು. ಅಷ್ಟೇ.

ಚೀಲದಿಂದ ನೀಲಿ ಪುಸ್ತಕ ತೆಗೆದು ಆ ದಿನದ ಹಾಳೆ ಹುಡುಕಿದಳು. ಹರಿಯುತ್ತಾಳೆ ಅಂದುಕೊಂಡೆ. ಹರಿಯಲಿಲ್ಲ. ಅಕ್ಷರಗಳು ಕಾಣುವ ಹಾಗೆಯೇ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನಾನು ಹೇಳಿದ್ದನ್ನು ಬರೆದು, ತಾರೀಖು ಹಾಕಿದಳು. ಪುಸ್ತಕವನ್ನು ನನ್ನ ಕಡೆ ಚಾಚಿ, "ಸೈನ್ ಮಾಡಿ" ಎಂದಳು.

"ಕಿತ್ತು ಬಿಸಾಕಮ್ಮ ಅದನ್ನ."

"ಕೀಳೋ ಹಾಗಿಲ್ಲ. ತಪ್ಪಾಗಿದ್ದೂ ಕಾಣ್ಬೇಕು, ತಿದ್ದಿದ್ದೂ ಕಾಣ್ಬೇಕು. ಇನ್ನೂ ಎಲ್ಲೂ ಅಚ್ಚಾಗಿಲ್ಲ, ಅದೇ ನಮ್ಮ ಪುಣ್ಯ."

ಸಹಿ ಹಾಕಿದೆ. ಪೆನ್ನು ವಾಪಸು ಕೊಡುವಾಗ ಉಸಿರು ಸಲೀಸಾಗಿ ಆಡುತ್ತಿದೆ ಎಂದು ನನಗೇ ಗೊತ್ತಾಯಿತು. ಕರೆಂಟ್ ಹೋಗಿ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತ ಹಾಗೆ.

ಆಗ ಅವಳು ಕೇಳಿದಳು: "ಹಾಗಾದ್ರೆ ನೀವು ಚಿಕ್ಕವರಿದ್ದಾಗ ಇತ್ತು ಅಂದ್ರಲ್ಲ, ಅದು?"

"ಅದು ನಿಜ" ಎಂದೆ. ಹೇಳುತ್ತಿದ್ದ ಹಾಗೆ ಇನ್ನೊಂದು ಹೆದರಿಕೆ ಎದೆಗೆ ಬಂತು. ನನ್ನ ನಿಜವನ್ನು ಇನ್ನು ಯಾರು ನಂಬುತ್ತಾರೆ? ಒಂದು ಸುಳ್ಳು ಮೀನು ತಂದು, ನಮ್ಮ ಹಳ್ಳದಲ್ಲಿ ನಿಜವಾಗಿ ಇದ್ದ ಮೀನುಗಳನ್ನೆಲ್ಲ ನಾನೇ ಇಲ್ಲದಂತೆ ಮಾಡಿದ್ದೆ.

ಅಷ್ಟರಲ್ಲಿ ಗೆಳೆಯ ಸ್ಕೂಟರ್ ತಂದ. ಅವಳು ನನಗೆ ಕಣ್ಣಲ್ಲೇ ಸುಮ್ಮನಿರಿ ಎಂದು ಹೇಳಿ, ಅವನನ್ನು ಕೇಳಿದಳು: "ನೀವು ಚಿಕ್ಕವರಿದ್ದಾಗ ಈ ಹಳ್ಳದಲ್ಲಿ ಯಾವ ಮೀನಿತ್ತು?"

"ಆಸ್ಪತ್ರೆಗೆ ಹೋಗಾದ್ ಬಿಟ್ಟು ಇದೇನ್ ಮೇಡಮ್ಮೋರೆ" ಎಂದ. ಅವಳು ಪೆನ್ನು ಇಳಿಸಲಿಲ್ಲ. ಅವನು ಸ್ಕೂಟರಿನ ಮೇಲೆ ಕೂತೇ ನೆನಪಿಸಿಕೊಂಡ. ಪಕ್ಕೆ ಅಂದ, ಹಾವುಮೀನು ಅಂದ. ಆಮೇಲೆ ಬಲಗೈ ಚಾಚಿ ಅಂಗೈ ಅಗಲಿಸಿದ. "ಕಲ್ಲುಮೀನು. ಹಿಂಗೆ ಕೈ ಇಟ್ರೆ ಬಂದು ಕಚ್ಕಳವು. ಬೇಕಾದ್ರೆ ಇವನ್ನೇ ಕೇಳಿ, ಒಂದಿನ ಪಂದ್ಯದಲ್ಲಿ ಸೋತು ಅತ್ಕೊಂಡು ಮನೆಗೋಗಿದ್ದ."

ನಾನು ಅತ್ತದ್ದನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ. ಅಷ್ಟು ವರ್ಷದ ಹಿಂದಿನ ಆ ಅವಮಾನ ಕೇಳಿ ಅಷ್ಟು ಸಮಾಧಾನವಾದೀತೆಂದು ನಾನು ಎಣಿಸಿರಲಿಲ್ಲ. ಅವಳು ಬರೆದುಕೊಂಡಳು. ಈಗ ಇರುವ ಮೀನಿನ ಪಟ್ಟಿಯಲ್ಲಿ ಅಲ್ಲ. ಪುಸ್ತಕದ ಹಿಂದೆ, ಹಿರಿಯರ ನೆನಪಿನಲ್ಲಿ ಇರುವ ಮೀನುಗಳು ಎಂದು ಬೇರೆ ಹಾಳೆ ಶುರು ಮಾಡಿ ಅಲ್ಲಿ ಬರೆದಳು. ಮುಂದಿನ ವಾರಗಳಲ್ಲಿ ಆ ಹಾಳೆಗಾಗಿ ಇನ್ನೂ ಮೂವರು ಮುದುಕರನ್ನು ಬೇರೆ ಬೇರೆಯಾಗಿ ಕೇಳಿದಳು. ಇಬ್ಬರು ಅಂಗೈ ಚಾಚಿ ತೋರಿಸಿದರಂತೆ. ಒಬ್ಬರಿಗೆ ನೆನಪಿಲ್ಲ. ಅದನ್ನೂ ಬರೆದಳಂತೆ.

ಉಳಿದದ್ದು ಆ ಮೀನಿದ್ದ ಬಾಟಲಿ. ಗಾಯ ವಾಸಿಯಾದ ಮೇಲೆ ಅವಳು ಫೋನ್ ಮಾಡಿ, "ಎಲ್ಲಿ ಹಿಡಿದ್ರಿ ಅಂತ ಬಂದು ತೋರಿಸ್ಬೇಕು" ಎಂದಳು. ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಅದು ನ್ಯಾಯವೇ. ಇಬ್ಬರೂ ಬಸ್ಸಿನಲ್ಲಿ ಹೊರಟೆವು. ಕನಕಪುರ ದಾಟಿದ ಮೇಲೆ ಅವಳೇ ಕೇಳಿದಳು: "ಕ್ಯಾನಲ್ಲಿ ಏನು ಅಂತ ಯಾರೂ ಕೇಳ್ಲಿಲ್ವಾ?"

"ತೀರ್ಥ ಅಂದೆ."

ಕಿಟಕಿಯ ಕಡೆ ತಿರುಗಿಕೊಂಡಳು. ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ತಂಗಿಯ ಹೊಲದ ಪಕ್ಕದ ಹಳ್ಳದಲ್ಲಿ ನೀರು ಇಳಿದಿತ್ತು, ಆದರೆ ಓಡುತ್ತಿತ್ತು. ಅವಳು ಬಂಡೆಗಳ ಮೇಲೆ ಕೂತು ಅಳೆದಳು, ಎಣಿಸಿದಳು, ಬಿಟ್ಟಳು. ಮುಗಿದ ಮೇಲೆ ಚೀಲದಿಂದ ಆ ಬಾಟಲಿ ತೆಗೆದಳು. ಹಳೆಯ ಚೀಟಿಯನ್ನು ಇಲ್ಲೂ ಕೀಳಲಿಲ್ಲ. ಈ ಹಳ್ಳದ ಹೆಸರು ಬರೆದ ಹೊಸ ಚೀಟಿಯನ್ನು ಅದರ ಪಕ್ಕ ಇಳಿಬಿಟ್ಟಳು. ಮುಚ್ಚಳ ತಿರುಗಿಸುವ ಮೊದಲು ನನಗೆ ಕೊಟ್ಟು, "ಓದಿ ತಾತ, ಸರಿಯಾಗಿದ್ಯಾ?" ಎಂದಳು.

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಸರಿಯಾಗಿತ್ತು. ಬಾಟಲಿ ಕೊಟ್ಟು, ನೀರಿಗೆ ಕಾಲು ಇಳಿಬಿಟ್ಟು ಅಂಗೈ ಅಗಲಿಸಿ ಕೂತೆ. ತಂಗಿ ಮೇಲಿನಿಂದ ಊಟಕ್ಕೆ ಕೂಗಿದಳು. ಒಂದು ಬಂದು ಅಂಟಿಕೊಂಡಿತ್ತು, ಅದು ತಾನಾಗಿ ಬಿಡುವವರೆಗೆ ನಾನು ಏಳಲಿಲ್ಲ.