ಒಂದು ದಿನದ ಕ್ಯಾಮೆರಾ

ನಾನು ಸಿನಿಮಾ ಕಲಿಯಲು ಬಾಗಲಕೋಟೆಗೆ ಹೊರಟಾಗ ಅಪ್ಪ ಒಂದೇ ಕರಾರು ಹಾಕಿದ. "ಎಡಿಟಿಂಗ್ ಕಲಿ, ಬ್ಯಾಡ ಅನ್ನೂದಿಲ್ಲ. ನೆರಳಾಗ ಕುಂತು ಮಾಡೂ ಕೆಲಸ. ಕ್ಯಾಮೆರಾ ಹೊತ್ಕೊಂಡು ಹುಡುಗೂರ ಸಂಗಾಟ ಗುಡ್ಡ ತಿರುಗೂದು ನಮಗ ಬ್ಯಾಡವಾ."

ಇಳಕಲ್‌ನ ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಅಪ್ಪನ ಪ್ರಕಾರ ಎಡಿಟಿಂಗ್ ಕೂಡ ಅದೇ ಜಾತಿಯ ಕೆಲಸ. ಒಂದು ಕಡೆ ಕೂಡಬೇಕು, ಕಡಿದ ಎಳೆ ಕೂಡಿಸಬೇಕು, ಹೊತ್ತು ಮುಳುಗಿದ ಮೇಲೆ ಏಳಬೇಕು. ಇದಕ್ಕೆ ಸರಿಯಾಗಿ, ಬಾಗಲಕೋಟೆಯಲ್ಲಿ ಮದುವೆ ವಿಡಿಯೋ ಸ್ಟುಡಿಯೋ ಇಟ್ಟಿದ್ದ ದೊಡ್ಡಪ್ಪನ ಮಗ, ಕೋರ್ಸ್ ಮುಗಿದ ಮರುದಿನವೇ ತನ್ನ ಹಿಂದಿನ ಕೋಣೆಯಲ್ಲಿ ನನಗೊಂದು ಕುರ್ಚಿ ಹಾಕಿಸುವುದಾಗಿ ಮಾತು ಕೊಟ್ಟುಬಿಟ್ಟ. ನಾನಿನ್ನೂ ಒಂದು ಪುಸ್ತಕ ಬಿಚ್ಚಿರಲಿಲ್ಲ, ಕುರ್ಚಿ ತಯಾರಾಗಿತ್ತು.

ಪವರ್‌ಲೂಮ್ ಸದ್ದಿನಲ್ಲಿ ಹುಟ್ಟಿ ಬೆಳೆದವಳಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಕ್ಲಾಸಿನಲ್ಲಿ ಮೊದಲ ದಿನ ಊರು ಯಾವುದೆಂದು ಹೇಳಿದಾಗಲೇ ಮುಂದಿನ ಬೆಂಚಿನವರು ಕಿವಿ ಮುಚ್ಚಿಕೊಂಡರು. ನಮಗೆ ಎಲ್ಲವನ್ನೂ ಕಲಿಸುತ್ತಿದ್ದ ಸರ್ ಒಬ್ಬರೇ. ಅವರು ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಮೈಕನ್ನು ಖಾಲಿ ಕೋಣೆಗೆ ತಿರುಗಿಸಿ ಕೇಳಿಸಿದರು. ಯಾರೂ ಇಲ್ಲದ ಜಾಗಕ್ಕೂ ಒಂದು ಸದ್ದಿರುತ್ತದೆ, ಎಲ್ಲೇ ಶೂಟ್ ಮಾಡಿದರೂ ಅದನ್ನಿಷ್ಟು ಹಿಡಿದು ತರಬೇಕು, ಇಲ್ಲದಿದ್ದರೆ ಮಾತು ಮಾತಿನ ನಡುವೆ ತೂತು ಬೀಳುತ್ತದೆ ಎಂದರು. ರಜೆಗೆ ಹೋದಾಗ ನಮ್ಮ ಮನೆಯದನ್ನು ಹಿಡಿಯಲು ನೋಡಿದೆ. ನಮ್ಮ ಮಗ್ಗ ನಿಲ್ಲಿಸಿದರೆ ಪಕ್ಕದ ಮನೆಯದು ಕೇಳುತ್ತಿತ್ತು, ಅದು ನಿಂತರೆ ಅದರಾಚೆಯದು. ಕರೆಂಟ್ ಹೋದಾಗ ಮಾತ್ರ ಓಣಿ ಸುಮ್ಮನಾಗುತ್ತಿತ್ತು. ಆಗ ಎಲ್ಲರೂ ಬಾಗಿಲಿಗೆ ಬಂದು ಕರೆಂಟಿನವರನ್ನು ಬೈಯಲು ಶುರುಮಾಡುತ್ತಿದ್ದರು.

ಕಾಲೇಜಿನ ಎಡಿಟಿಂಗ್ ಕೋಣೆ ಮೊದಲು ಹಳೆಯ ಸಾಮಾನು ತುಂಬುವ ಕೋಣೆಯಾಗಿತ್ತು. ಇದ್ದೊಂದು ಕಿಟಕಿಗೆ, ಪರದೆಯ ಮೇಲೆ ಬೆಳಕು ಬೀಳಬಾರದೆಂದು ಕಪ್ಪು ಬಟ್ಟೆ ಬಡಿದಿದ್ದರು. ಫ್ಯಾನ್ ಹಾಕಿದರೆ ಸಣ್ಣ ದನಿ ಕೇಳದು, ಆರಿಸಿದರೆ ಬಾಗಲಕೋಟೆಯ ಸೆಕೆ. ಕಂಪ್ಯೂಟರ್ ಕಳುವಾದೀತೆಂದು ಸಿಪಾಯಿ ಮಧ್ಯಾಹ್ನ ಊಟಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದ. ಒಳಗೆ ನಾನಿರುವುದು ಅವನಿಗೆ ಗೊತ್ತಿರುತ್ತಿತ್ತು. ಕೇಳಿದರೆ, "ನೀವೇನ್ ಏಳೂದಿಲ್ಲಲ್ರೀ ಅಕ್ಕಾರ" ಎನ್ನುತ್ತಿದ್ದ. ಅವನ ಮಾತು ಸುಳ್ಳಲ್ಲ ಎನ್ನುವುದಕ್ಕೇ ನನಗೆ ಮೈ ಉರಿಯುತ್ತಿತ್ತು.

ನಾನು ಏಳುತ್ತಿರಲಿಲ್ಲ, ಯಾಕೆಂದರೆ ಕ್ಲಾಸಿನ ಹುಡುಗರೆಲ್ಲ ಶೂಟ್ ಮಾಡಿ ತಂದದ್ದನ್ನು ನನ್ನ ಮುಂದೆ ಸುರಿಯುತ್ತಿದ್ದರು. ಐಹೊಳೆ, ಪಟ್ಟದಕಲ್ಲು, ಬಾದಾಮಿ. ಇವರು ಕ್ಯಾಮೆರಾ ಆನ್ ಮಾಡಿ ಚಹಾ ಕುಡಿಯಲು ಹೋದವರಂತೆ ಶೂಟ್ ಮಾಡುತ್ತಿದ್ದರು. ಒಂದು ಕಂಬವನ್ನು ಹೊಸ ಅಳಿಯನನ್ನು ನೋಡಿದ ಹಾಗೆ ಎಷ್ಟು ಹೊತ್ತು ನೋಡುತ್ತೀರಿ ಎಂದು ಬೈಯುತ್ತ, ಬೇಕಾದ ಒಂದು ಚೂರು ಇಟ್ಟುಕೊಂಡು ಉಳಿದದ್ದನ್ನು ಒಗೆಯುತ್ತಿದ್ದೆ. ನನ್ನ ಕೈ ಚುರುಕೆಂದು ಹೆಸರಾಯಿತು. ನನಗೂ ಒಳಗೊಳಗೆ ಜಂಬ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಒಮ್ಮೆ ಬಾದಾಮಿಯ ಹೊಂಡದ ದೃಶ್ಯ ಬಂತು. ಆಚೆ ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಡಿದದ್ದು ಕಾಣುತ್ತಿತ್ತು, ಸಪ್ಪಳ ಮಾತ್ರ ತುಸು ತಡವಾಗಿ ಬರುತ್ತಿತ್ತು. ಹುಡುಗರು ಸದ್ದನ್ನು ಹದಗೆಡಿಸಿ ತಂದಿದ್ದಾರೆಂದು ಬೈದುಕೊಂಡು, ಒಂದೊಂದು ಬಡಿತವನ್ನೂ ಎಳೆದು ಚಿತ್ರಕ್ಕೆ ಸರಿ ಹೊಂದಿಸಿದೆ. ಇಡೀ ದಿನದ ಕೆಲಸ. ಸರ್ ನೋಡಿ ನಕ್ಕರು.

"ಇದನ್ಯಾಕ ರಿಪೇರಿ ಮಾಡಿದಿ? ಅಷ್ಟು ದೂರದ ಸಪ್ಪಳ ಈ ದಂಡಿಗೆ ಬರಾಕ ಹೊತ್ತು ಹಿಡೀತೈತಿ. ನೀ ಅಲ್ಲಿ ಒಮ್ಮೆನೂ ನಿಂತಿಲ್ಲೇನು?"

ಬಾದಾಮಿಗೆ ಹೋಗಿದ್ದೆ, ಶಾಲೆಯಲ್ಲಿದ್ದಾಗ. ಇಬ್ಬಿಬ್ಬರು ಕೈ ಹಿಡಿದು ಸಾಲಾಗಿ ಹತ್ತಿ, ಸಾಲಾಗಿ ಇಳಿದು, ಬಸ್ಸಿನಲ್ಲಿ ಚುರುಮುರಿ ತಿಂದು ಬಂದಿದ್ದೆವು. ನಿಂತಿರಲಿಲ್ಲ. ಅವತ್ತು ಹುಡುಗರೆದುರು ನನಗಾದ ಅವಮಾನ ಹೇಳತೀರದು. ನನ್ನ ಊರಿನ ಹತ್ತಿರದ ನೀರನ್ನು ಬೇರೆಯವರ ಕಣ್ಣಿನಿಂದ ನೋಡಿ, ಅದನ್ನೇ ತಿದ್ದಲು ಕೂತಿದ್ದೆ. ಒಂದು ಸಲವಾದರೂ ಕ್ಯಾಮೆರಾ ನನ್ನ ಕೈಯಲ್ಲೇ ಇರಬೇಕು ಎನ್ನುವ ಹಟ ಹಿಡಿದದ್ದು ಅಂದಿನಿಂದ.

ಕೊನೆಯ ವರ್ಷ ಅದಕ್ಕೊಂದು ದಾರಿಯೂ ಬಂತು. ಪ್ರತಿಯೊಬ್ಬರೂ ತಾವೇ ಶೂಟ್ ಮಾಡಿದ ಒಂದು ಚಿಕ್ಕ ಸಿನಿಮಾ ತೋರಿಸಬೇಕಿತ್ತು. ಅದಕ್ಕಾಗಿ ಒಬ್ಬೊಬ್ಬರಿಗೆ ಒಂದು ದಿನ ಕ್ಯಾಮೆರಾ. ಪಾಸಾದವರಿಗೆ ಕ್ಯಾಮೆರಾ ಅಲ್ಲಿಗೆ ಮುಗಿಯಿತು, ಮತ್ತೆ ಕೈಗೆ ಬರುವುದಿಲ್ಲ. ಯಾರು ಯಾವುದರಲ್ಲಿ ಗಟ್ಟಿಯೋ ಆ ಕೆಲಸವನ್ನು ಸರ್ ಕೊನೆಗೆ ಎಲ್ಲರೂ ಸೇರಿ ಮಾಡುವ ಸಿನಿಮಾದಲ್ಲಿ ಹಂಚುತ್ತಿದ್ದರು. ಪಾಸಾಗದವರಿಗೆ ಇನ್ನೊಂದು ದಿನ ಕ್ಯಾಮೆರಾ ಸಿಗುತ್ತಿತ್ತು. ಅಪ್ಪ ಬಹಳ ಗೊಣಗಿದ. ಕೋರ್ಸ್ ಅರ್ಧಕ್ಕೇ ನಿಲ್ಲುತ್ತದೆ ಎಂದು ನಾನು ಹೇಳಿದ ಮೇಲೆ, "ಹಂಗಾರ ನಾನೂ ಬರ್ತೇನಿ" ಎಂದ.

ಬಂದ. ಬಾದಾಮಿ ಹೊಂಡದ ದಂಡೆಗೆ, ಬಿಳಿ ಅಂಗಿ ಹಾಕಿಕೊಂಡು, ಒಂದು ಹೆಗಲಿಗೆ ರೊಟ್ಟಿಯ ಚೀಲ, ಇನ್ನೊಂದಕ್ಕೆ ಸೌಂಡ್ ರೆಕಾರ್ಡರಿನ ಚೀಲ. ಜಾಗದ ಸದ್ದು ಹಿಡಿಯಲೆಂದು ಬೆಳಿಗ್ಗೆಯೇ ರೆಕಾರ್ಡರ್ ಆನ್ ಮಾಡಿ ಅವನ ಹೆಗಲಿಗೆ ಹಾಕಿದ್ದೆ, ಆರಿಸಲು ಮರೆತೆ. ಅಪ್ಪ ಒಂದು ಕಡೆ ನಿಲ್ಲುವ ಆಸಾಮಿ ಅಲ್ಲ. ಒಗೆಯುವ ಹೆಂಗಸರ ಹತ್ತಿರ ಹೋಗಿ, "ಯಾವೂರವ್ರಬೇ? ಈ ಸೀರಿ ನಮ್ಮ ಇಳಕಲ್ಲಿಂದಲ್ಲ, ದಡಿ ನೋಡ್ರಿ, ಹೊರಗಿನ ಮಾಲು" ಎಂದು ಶುರುಮಾಡಿದ. ಬಿಸಿಲೇರಿದಾಗ ಕೊಡೆ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದ. ನನಗೋ ನಾಚಿಕೆ, ಸಿಟ್ಟು, ಅವಸರ. ಜನ ನೋಡುತ್ತಿದ್ದಾರೆ, ಅಪ್ಪ ಈಗ ಸಾಕು ಎನ್ನುತ್ತಾನೆ, ಈಗ ಎಳೆದುಕೊಂಡು ಹೋಗುತ್ತಾನೆ ಎಂದುಕೊಳ್ಳುತ್ತಲೇ ದಿನವಿಡೀ ಶೂಟ್ ಮಾಡಿದೆ.

ಮರುದಿನ ಕಪ್ಪು ಬಟ್ಟೆಯ ಕೋಣೆಯಲ್ಲಿ ಕೂತು ಅದನ್ನು ನೋಡಿದೆ. ಹೆಂಗಸು ಬಟ್ಟೆ ಎತ್ತುತ್ತಾಳೆ, ಶಾಟ್ ಮುಗಿಯುತ್ತದೆ. ಮಂಗ ತಲೆ ತಿರುಗಿಸುತ್ತದೆ, ಮುಗಿಯುತ್ತದೆ. ನೀರಿನ ಮೇಲೆ ಗಾಳಿ ಬರುತ್ತದೆ, ಅದು ಈ ದಂಡೆ ಮುಟ್ಟುವುದರೊಳಗೆ ನಾನು ಬಟನ್ ಒತ್ತಿದ್ದೆ. ಒಂದು ಶಾಟಿಗೂ ಹಿಂದಿಲ್ಲ, ಮುಂದಿಲ್ಲ. ಹುಡುಗರು ತಂದದ್ದನ್ನು ಅಷ್ಟು ವರ್ಷ ಕತ್ತರಿಸಿ ಕತ್ತರಿಸಿ, ನನ್ನ ಬೆರಳು ಬಯಲಿನಲ್ಲಿ ನಿಂತರೂ ಕತ್ತರಿಸುವುದನ್ನೇ ಮಾಡಿತ್ತು. ಏನಾದರೂ ಆಗಲಿ ಎಂದು ಕಾಯಲು ಅದಕ್ಕೆ ಬರುತ್ತಲೇ ಇರಲಿಲ್ಲ. ಆ ಕೋಣೆಯಿಂದ ಒಂದು ದಿನಕ್ಕೆ ಹೊರಗೆ ಬಂದಿದ್ದೆ ಅಂದುಕೊಂಡಿದ್ದೆ. ಕೋಣೆಯನ್ನು ಹೊತ್ತುಕೊಂಡೇ ಹೋಗಿದ್ದೆ.

ಇದನ್ನು ಹೀಗೇ ಕೊಟ್ಟರೆ ಪಾಸಾಗುವುದಿಲ್ಲ. ಪಾಸಾಗದಿದ್ದರೆ ಇನ್ನೊಂದು ದಿನ ಕ್ಯಾಮೆರಾ ಸಿಗುತ್ತದೆ. ಅಪ್ಪನೂ ಇಲ್ಲವೆನ್ನಲಾರ, ಕೋರ್ಸಿನ ಪ್ರಶ್ನೆ. ನಾನು ಮಾಡಬೇಕಾಗಿದ್ದದ್ದು ಇಷ್ಟೇ, ಸುಮ್ಮನೆ ಎದ್ದು ಹೋಗುವುದು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಎದ್ದು ಹೋಗಲು ಆಗಲಿಲ್ಲ. ಕೆಟ್ಟ ಜೋಡಣೆ ಕಣ್ಣೆದುರು ಇದ್ದರೆ ನನಗೆ ತುರಿಕೆ ಬಂದಂತಾಗುತ್ತದೆ. ಒಂದು ಶಾಟನ್ನಷ್ಟೇ ಸರಿ ಮಾಡಿ ಬಿಡೋಣವೆಂದು ರೆಕಾರ್ಡರಿನ ಸದ್ದು ತೆರೆದೆ. ಪ್ರತಿ ಶಾಟ್ ಅರ್ಧಕ್ಕೆ ನಿಲ್ಲಲು ಒಂದು ಕಾರಣ ಕೇಳಿಸಿದರೆ ಆಯಿತು, ಅಪ್ಪನ "ಸಾಕು" ಅದಕ್ಕೆ ಹೇಳಿ ಮಾಡಿಸಿದ್ದು ಎಂದು ಹೊಳೆಯಿತು. ದಿನವಿಡೀ ಅವನು ಅದನ್ನೇ ಅಂದಿದ್ದಾನೆಂಬ ನಂಬಿಕೆಯಲ್ಲಿ ಹುಡುಕಿದೆ. ಹೆಂಗಸರ ಸಂಗಡ ಹರಟಿದ್ದು ಇತ್ತು, ಮಂಗಗಳನ್ನು ಗದರಿಸಿದ್ದು ಇತ್ತು, "ನಮ್ಮ ಹುಡುಗಿ ಸಿನಿಮಾ ತಗ್ಯಾಕತ್ತಾಳ" ಎಂದು ಯಾರಿಗೋ ಹೇಳಿದ್ದೂ ಇತ್ತು. "ಸಾಕು" ಮಾತ್ರ ಒಂದೇ ಸಲ, ಊಟದ ಹೊತ್ತಿನಲ್ಲಿ. ನಾನು ಅವನ ರೊಟ್ಟಿಗೆ ಇನ್ನಷ್ಟು ಪಲ್ಯ ಹಾಕಲು ಹೋಗಿದ್ದೆ. "ಸಾಕವಾ, ನೀ ಉಣ್ಣು" ಎಂದಿದ್ದ.

ಅದನ್ನು ಇನ್ನೊಮ್ಮೆ ಕೇಳಿದೆ. ಆಮೇಲೆ "ನೀ ಉಣ್ಣು" ತೆಗೆದು ಹಾಕಿ, "ಸಾಕವಾ" ಇಟ್ಟುಕೊಂಡೆ. ಒಂದು ಕಡೆ ಹತ್ತಿರದಿಂದ, ಒಂದು ಕಡೆ ದೂರದಿಂದ ಕೇಳುವಂತೆ ಮಾಡಿ ಪ್ರತಿ ಶಾಟಿನ ಕೊನೆಗೆ ಕೂರಿಸಿದೆ. ಹೆಂಗಸು ಬಟ್ಟೆ ಎತ್ತುತ್ತಾಳೆ, ಸಾಕವಾ. ಮಂಗ ತಿರುಗುತ್ತದೆ, ಸಾಕವಾ. ಸಿಪಾಯಿ ಬಂದು ಚಿಲಕ ತೆಗೆದಾಗ ಸಿನಿಮಾ ಮುಗಿದಿತ್ತು.

ತೋರಿಸುವ ದಿನ ಅಪ್ಪನೂ ಬಂದಿದ್ದ. ಮೊದಲ "ಸಾಕವಾ"ಕ್ಕೆ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು, ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಮಾತ್ರ ನಗಲಿಲ್ಲ. ನನಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ. ಸರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಶೂಟಿಂಗ್ ಸುಮಾರೈತಿ. ಆದ್ರ ಇಂಥ ಎಡಿಟಿಂಗ್ ನಾ ನೋಡಿಲ್ಲ. ನಮ್ಮ ಎಡಿಟರ್ ಯಾರಂತ ಇನ್ನ ಕೇಳೂದ ಬ್ಯಾಡ" ಎಂದರು. ಪಾಸಾದೆ.

ಸಂಜೆ ಅಪ್ಪನ ಜೊತೆ ಇಳಕಲ್ ಬಸ್ಸು ಹತ್ತಿದೆ. ಅಮೀನಗಡ ದಾಟುವವರೆಗೂ ಅವನು ಸರ್ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಹುನಗುಂದದಲ್ಲಿ ಬಸ್ಸು ನಿಂತಾಗ ನನ್ನ ಕಡೆ ತಿರುಗಿದ.

"ನಾ ಅವತ್ತ ಅಷ್ಟು ಸಲ ಸಾಕು ಅಂದಿದ್ನೇನವಾ? ನನಗ ಖಬರ ಇಲ್ಲ."

ನಾನು ಕಿಟಕಿಯ ಗಾಜು ಎಳೆದು ಮುಚ್ಚಿದೆ.

"ಎಲ್ಲಾರೂ ನಕ್ಕರು ಖರೆ, ನನಗ ಕಡೀಕ ಕೆಟ್ಟನಿಸಿತು. ನಿನಗ ನಾ ಒಂದೂ ನೆಟ್ಟಗ ತಗಿಯಾಕ ಬಿಟ್ಟಿಲ್ಲ. ಇನ್ನೊಮ್ಮೆ ಹೋಗೂಣು ತಗೋ. ನಾ ಬಾಯಾಗ ಅಡಕಿ ಹಾಕ್ಕೊಂಡು ದೂರ ಕುಂದರ್ತೇನಿ. ಯಾವಾಗ ಕೊಡ್ತಾರ ಕ್ಯಾಮೆರಾ?"

"ಇನ್ನ ಕೊಡೂದಿಲ್ಲಪ್ಪಾ. ಫೇಲ್ ಆದವ್ರಿಗೆ ಅಷ್ಟ ಕೊಡ್ತಾರ."

ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು.

"ಮತ್ತ ನೀ ಯಾಕ ಪಾಸಾದಿ?" ಎಂದು ಅಪ್ಪ ಕೇಳಿದ.